ಸೋಮವಾರದ ಕೊಸರು

೫ ಮಾರ್ಚ್ ೧೯೭೯, ಸೋಮವಾರ

ಸೊಸೈಟಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇಲ್ಲಿಯವರೆಗೂ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ಎಲ್ಲಾದರೂ ಕೂಗಾಡಬೇಕು. ಮನೆಯಲ್ಲಿ ಕೂಗಾಡಿದರೆ ಹೆಂಡತಿ ತೀರ್ಥಮ್ಮ ಎರಡು ದಿನ ಮಾತು ಬಿಡುತ್ತಾಳೆ. ಈ ಪುಸ್ತಕಕ್ಕೆ ಆ ರೋಗವಿಲ್ಲ.

ಶಿವನಿ ಕಡೆಯಿಂದ ಟ್ಯಾಕ್ಸಿಯಲ್ಲಿ ಬಾಡಿಗೆ ಬರುತ್ತಿದ್ದೆ. ಹಿಂದೆ ಒಂದೇ ಮನೆಯ ಐದು ಜನ, ಮುಂದೆ ನನ್ನ ಪಕ್ಕ ಅವರ ಅಜ್ಜಿ ಉಚ್ಚಂಗಮ್ಮ. ರೈಲ್ವೆ ಗೇಟು ಹಾಕಿತ್ತು. ದೂರದಿಂದಲೇ ಬ್ರೇಕ್ ಒತ್ತಿದೆ. ಗಾಡಿ ನಿಲ್ಲುವ ಬದಲು ಎಡಕ್ಕೆ ಎಳೆದುಕೊಂಡು ಹೋಗಿ, ಗೇಟಿನ ಹತ್ತಿರ ಕಾಯುತ್ತಿದ್ದ ಹುಲ್ಲಿನ ಗಾಡಿಗೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಎತ್ತುಗಳು ಕೂಡ ತಿರುಗಿ ನೋಡಿದವು. "ಅಯ್ಯೋ ನನ್ನಪ್ಪಾ, ಮೊಮ್ಮಗಳ ಮದ್ವೆ ನೋಡೋದೈತೆ ಕಣೋ ನಾನು, ಇಳಿಸ್ಬಿಡು" ಎಂದು ಅಜ್ಜಿ ತಾನೇ ಬಾಗಿಲು ತೆಗೆದು ಇಳಿದಳು. ಹಿಂದಿನವರೂ ಇಳಿದರು. ಅಜ್ಜಂಪುರದವರೆಗೆ ಗಂಟು ಹೊತ್ತುಕೊಂಡು ನಡೆದೇ ಬಂದರು. ನಾನು ಖಾಲಿ ಗಾಡಿ ಓಡಿಸಿಕೊಂಡು ಅವರ ಪಕ್ಕದಲ್ಲೇ ಹಾದು ಬರಬೇಕಾಯಿತು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವನಿಗೆ ಇದಕ್ಕಿಂತ ಮರ್ಯಾದೆ ಏನು ಬೇಕು!

ಮನೆಗೆ ಬಂದು ಬಲಗಡೆಯ ಹಿಂದಿನ ಚಕ್ರ ಬಿಚ್ಚಿದರೆ ಡ್ರಮ್ಮಿನ ಒಳಗೆಲ್ಲ ಎಣ್ಣೆ. ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸಲ್ಲಿನಲ್ಲಿ ಒಂದು ಕಬ್ಬಿಣದ ಗಡಿಗೆಯಂಥದ್ದು ಇರುತ್ತದಲ್ಲ, ಗೇರುಗಳು ಇರುವುದು, ಅದರ ಎಣ್ಣೆ, ತಡೆಯಲೆಂದು ಹಾಕಿದ ಸೀಲಿನ ಬಳೆ ದಾಟಿ ಬಂದು ಬ್ರೇಕ್ ಶೂಗಳನ್ನು ನೆನೆಸಿಬಿಟ್ಟಿದೆ. ಎರಡು ವರ್ಷದಿಂದ ಇದೇ ಗೋಳು. ಸೀಲು ಹಾಕಿಸು, ಸೋರು, ಸೀಲು ಹಾಕಿಸು, ಸೋರು. ಮೂವತ್ತು ವರ್ಷದ ವಿಲಾಯಿತಿ ಗಾಡಿ. ಮುದಿ ಗಾಡಿ, ಮುದಿ ಓನರು, ನಡುವೆ ನಾನು.

ಏಪ್ರಿಲ್ ಇಪ್ಪತ್ನಾಲ್ಕಕ್ಕೆ ಕಡೂರಿನಲ್ಲಿ ಬ್ರೇಕ್ ಇನ್ಸ್‌ಪೆಕ್ಟರ ಕ್ಯಾಂಪು. ಅಷ್ಟರೊಳಗೆ ಸೋರುವುದು ನಿಲ್ಲದಿದ್ದರೆ ಎಫ್.ಸಿ. ಸರ್ಟಿಫಿಕೇಟು ಇಲ್ಲ. ಎಫ್.ಸಿ. ಇಲ್ಲದಿದ್ದರೆ ಟ್ಯಾಕ್ಸಿ ಇಲ್ಲ.

ಓನರು ಅಂದರೆ ಕಲ್ಲೇಶಪ್ಪ. ನನ್ನ ತಾಯಿಯ ಅಣ್ಣ, ತೀರ್ಥಮ್ಮನ ಅಪ್ಪ. ಸಂತೆ ಬೀದಿಯಲ್ಲಿ ನಲವತ್ತು ವರ್ಷ ಕಾಳಿನ ಅಂಗಡಿ ನಡೆಸಿ ಎರಡು ವರ್ಷದ ಹಿಂದೆ ಬಾಗಿಲು ಹಾಕಿದ. ಅವತ್ತಿನಿಂದ ಮುದುಕನಿಗೆ ಉಳಿದಿರುವ ಉದ್ಯೋಗ ಒಂದೇ. ಸೋಮವಾರ ಸಂಜೆ ಸ್ನಾನ, ಲಿಂಗಪೂಜೆ ಮುಗಿಸಿ, ಗಾಡಿಯ ಹಿಂದೆ ಗೋಣಿತಾಟು ಹಾಕಿಕೊಂಡು ಕೂತು, ಪಂಪಿನಲ್ಲಿ ಆಕ್ಸಲ್ಲಿಗೆ ಎಣ್ಣೆ ಹಾಕುವುದು. ನಮ್ಮ ಅಂಗಳ ಬೀದಿ ಕಡೆಗೆ ಇಳಿಜಾರು. ಗಾಡಿಯ ಮೂತಿ ಕೆಳಗಾಗಿ ಹಿಂಭಾಗ ಎತ್ತರಕ್ಕಿರುತ್ತದೆ, ಅವನಿಗೆ ಬಗ್ಗುವ ಕಷ್ಟವಿಲ್ಲ. ಇವತ್ತೂ ಹಾಕಿದ. ಗೇಟಿನ ಕಥೆ ಹೇಳಿದರೆ ತಲೆಯನ್ನೂ ಎತ್ತಲಿಲ್ಲ. "ಸೋರಿ ಹೋಗೋದು ಹೋಗ್ಲಿ, ನಾವು ಹಾಕೋದು ಹಾಕ್ತಿರಾಣ" ಅಂದ. ಮೈಯೆಲ್ಲ ಉರಿದುಹೋಯಿತು.

೯ ಮಾರ್ಚ್, ಶುಕ್ರವಾರ

ತರೀಕೆರೆಗೆ ಒಯ್ದಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಗಿಡ್ಡಪ್ಪನ ಶೆಡ್ಡು. ಅವನು ಇಡೀ ದಿನ ಮಲಗಿ ಎದ್ದು ಎರಡೂ ಕಡೆಯ ಆಕ್ಸಲ್ ಎಳೆದು, ಹಳೆ ಸೀಲು ಕಿತ್ತು, ಹೊಸದನ್ನು ಮರದ ತುಂಡಿಟ್ಟು ಸುತ್ತಲೂ ಸಮನಾಗಿ ಬಡಿದು ಕೂರಿಸಿದ. ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಉಪ್ಪುಕಾಗದ ಹಾಕಿ ತಿಕ್ಕಿದ. ಗಡಿಗೆಯ ಹಿಂದಿನ ಬಿರಡೆ ತೆಗೆದು, ಆ ತೂತಿನ ಅಂಚಿಗೆ ಬರುವಷ್ಟು ಎಣ್ಣೆ ಹಾಕಿ ಮುಚ್ಚಿದ.

"ಓಂಕಾರಣ್ಣ, ಇನ್ನು ಸೋರುದ್ರೆ ನನ್ನ ಕರೀರಿ" ಅಂದ.

"ನಿನ್ನೇ ಕರೀಬೇಕು, ಇನ್ಯಾರನ್ನ ಕರೀಲಿ?" ಅಂದೆ.

ಬೆಳಿಗ್ಗೆಯಿಂದ ಎರಡು ಕಾಫಿ ಬಿಟ್ಟರೆ ಏನೂ ಇಲ್ಲ. ಬೆನ್ನು ಬಿದ್ದುಹೋಗಿದೆ.

೧೨ ಮಾರ್ಚ್, ಸೋಮವಾರ

ಒಂದು ಹನಿ ಇಲ್ಲ. ಮೂರು ದಿನ ಆಯಿತು.

ಸಂಜೆ ಮುದುಕ ಪಂಪು ಹಿಡಿದು ಬಂದ. ಗಿಡ್ಡಪ್ಪ ಹಾಕಿದ್ದಾನೆ, ಬೇಡ ಅಂದೆ. "ಗ್ಯಾರೇಜಿನೋನು ಅಳತೆಗೆ ಹಾಕಿರ್ತಾನೆ ಕಣೋ. ಮನೇದು ಒಂಚೂರು ಬೀಳ್ಲಿ" ಅಂದ. ಹಾಕಿಕೊಳ್ಳಲಿ ಬಿಡು. ಒಂದು ಗಂಟೆಯಾದರೂ ನನ್ನ ತಲೆ ತಿನ್ನುವುದು ತಪ್ಪುತ್ತದೆ.

೧೪ ಮಾರ್ಚ್, ಬುಧವಾರ

ಸೋರುತ್ತಿದೆ.

೨೨ ಮಾರ್ಚ್, ಗುರುವಾರ

ಮತ್ತೆ ತರೀಕೆರೆ. ಈ ಸಲ ಗಿಡ್ಡಪ್ಪ ಶಿವಮೊಗ್ಗದಿಂದ ಚರ್ಮದ ಸೀಲು ತರಿಸಿದ್ದ. ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿದ್ದನಂತೆ. ಬಿರಡೆಗೆ ಸ್ಪ್ಯಾನರ್ ಹಾಕಿ ಇನ್ನೂ ಎರಡು ಸುತ್ತು ತಿರುಗಿಸಿಲ್ಲ, ಎಣ್ಣೆ ಪುಸಕ್ಕನೆ ಅವನ ಮೊಣಕೈ ಮೇಲೆ ಹಾರಿತು. ಅವನು ಏನೋ ಕೇಳಲು ಬಾಯಿ ತೆಗೆದ. ನನಗೆ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. "ಮೊದ್ಲು ಕೆಲ್ಸ ಕಲ್ತ್ಕೋ, ಆಮೇಲೆ ನನ್ನ ಪ್ರಶ್ನೆ ಕೇಳು. ಸೀಲು ಹಾಕೋಕೆ ಬರ್ದಿದ್ರೆ ಪಂಚರ್ ಅಂಗ್ಡಿ ಇಟ್ಕೋ" ಅಂದುಬಿಟ್ಟೆ. ಶೆಡ್ಡಿನಲ್ಲಿ ಇಬ್ಬರು ಲಾರಿ ಡ್ರೈವರುಗಳಿದ್ದರು, ಒಬ್ಬ ಕಂಡಕ್ಟರ್ ಇದ್ದ. ಎಲ್ಲರೂ ಕೇಳಿಸಿಕೊಂಡರು. ಗಿಡ್ಡಪ್ಪ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಕೀ ತಂದು ಬಾನೆಟ್ಟಿನ ಮೇಲಿಟ್ಟ. ಕೈಗೆ ಕೊಡಲಿಲ್ಲ.

ತಪ್ಪು ಅವನದೇ. ಎರಡು ವರ್ಷದಿಂದ ಸೀಲು ಹಾಕುತ್ತಿರುವವನು ಅವನೇ ತಾನೆ?

೨೮ ಮಾರ್ಚ್, ಬುಧವಾರ

ಸೋಮವಾರದವರೆಗೂ ಒಣಗಿತ್ತು. ನಿನ್ನೆ ಬೀರೂರಿಗೆ ಹೋಗಿ ಬಂದೆ, ಎರಡೂ ಚಕ್ರದಲ್ಲಿ ಎಣ್ಣೆ. ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿದ ಕಡೆಯೆಲ್ಲ ಕಪ್ಪು ಕಲೆ. ಈಗ ಬಾಡಿಗೆ ಕೇಳುವವರು ಮೊದಲು ಬಗ್ಗಿ ಚಕ್ರ ನೋಡುತ್ತಾರೆ.

ತರೀಕೆರೆಯಿಂದ ಬಂದ ಬಸ್ಸಿನವನ ಹತ್ತಿರ ಗಿಡ್ಡಪ್ಪ ಹೇಳಿ ಕಳಿಸಿದ್ದಾನೆ: "ಬೇರೆ ಕಡೆ ತೋರ್ಸ್ಕಳಿ ಅಂತ ಹೇಳು." ಹದಿನಾರು ವರ್ಷದ ಸ್ನೇಹ ಇಷ್ಟೇನಾ?

ಸಾಕಾಗಿದೆ. ನಿಜವಾಗಲೂ ಸಾಕಾಗಿದೆ.

೩೦ ಮಾರ್ಚ್, ಶುಕ್ರವಾರ

ಶಿವಮೊಗ್ಗದ ಗುಜರಿಯವನು ಬಂದಿದ್ದ. ನಾನೇ ಬರಹೇಳಿದ್ದು. ಗಾಡಿಯ ಸುತ್ತ ಎರಡು ಸುತ್ತು ಬಂದು, ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿ, "ತೂಕದ ಮೇಲೆ ತಗೊಳ್ತೀನಿ" ಅಂದ. ಮುದುಕ ಜಗಲಿಯ ಮೇಲೆ ಕೂತಿದ್ದ. ಆರ್.ಸಿ. ಅವನ ಹೆಸರಿನಲ್ಲಿದೆ, ಅವನು ಸಹಿ ಹಾಕದೆ ಏನೂ ಆಗುವುದಿಲ್ಲ. ಜಗಳಕ್ಕೆ ಸಿದ್ಧನಾಗಿಯೇ ಇದ್ದೆ.

ಜಗಳ ಆಡಲಿಲ್ಲ. "ಇನ್ಸ್‌ಪೆಕ್ಟ್ರು ಆಗಲ್ಲ ಅಂದ್ರೆ ಸಹಿ ಹಾಕ್ತೀನಿ. ಅಲ್ಲೀಗಂಟ ಇರ್ಲಿ" ಅಂದ. ಆಮೇಲೆ ಗುಜರಿಯವನಿಗೆ, "ನೀನು ತೂಕ ಹಾಕುವಾಗ ನಾನು ಇರಲ್ಲಪ್ಪ, ಒಳಗೆ ಹೋಗ್ತೀನಿ" ಅಂದ. ಗುಜರಿಯವನು ನಕ್ಕ. ನಾನೂ ನಕ್ಕೆ. ತೀರ್ಥಮ್ಮ ನಗಲಿಲ್ಲ.

ಗಾಡಿ ಹೋದರೆ ಯಾರದೋ ಲಾರಿಗೆ ಡ್ರೈವರಾಗಿ ಸೇರಬೇಕು. ನಲವತ್ತಾರಕ್ಕೆ ಇನ್ನೊಬ್ಬರ ಬಾಯಲ್ಲಿ "ಲೇ ಡ್ರೈವರ್" ಅನ್ನಿಸಿಕೊಳ್ಳಬೇಕು. ಆಗಲಿ, ಸೋರುವುದನ್ನು ನೋಡುವುದಾದರೂ ತಪ್ಪುತ್ತದೆ.

೩ ಏಪ್ರಿಲ್, ಮಂಗಳವಾರ

ಮುದುಕನಿಗೆ ಭಾನುವಾರದಿಂದ ಜ್ವರ. ಡಾಕ್ಟರು ಎದೆಯಲ್ಲಿ ಕಫ ಕಟ್ಟಿದೆ ಅಂದರು. ನಿನ್ನೆ ಸಂಜೆ ಏಳಲು ಹೋದ. "ಸೋಮವಾರ ಕಣೇ, ಬಿಡೇ" ಎಂದು ತೀರ್ಥಮ್ಮನ ಕೈ ತಳ್ಳಿದ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕುಸಿದ. ಎತ್ತಿಕೊಂಡು ಬಂದು ಮಲಗಿಸಿದೆ. ಇಷ್ಟು ಹಗುರವಾಗಿದ್ದಾನೆ ಅಂತ ಗೊತ್ತಿರಲಿಲ್ಲ. ಆಗ ರಾಗಿ ಮೂಟೆಯನ್ನು ಒಬ್ಬನೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಮನುಷ್ಯ.

ನಾನೇ ಬ್ರೇಕ್ ಶೂ ತೊಳೆದು ತಿಕ್ಕಿ ಹಾಕಿದೆ. ಎಷ್ಟು ದಿನಕ್ಕೋ.

೧೨ ಏಪ್ರಿಲ್, ಗುರುವಾರ

ವಿಚಿತ್ರ. ಗಾಡಿ ಸೋರುತ್ತಿಲ್ಲ. ಮೊದಲ ಎರಡು ಮೂರು ದಿನ ಸ್ವಲ್ಪ ಒದ್ದೆ ಕಂಡಿತು, ಒರೆಸಿದೆ. ಆಮೇಲೆ ಅಂತರಘಟ್ಟೆಗೆ ಎರಡು ಸಲ, ಕಡೂರಿಗೆ ಒಂದು ಸಲ ಹೋಗಿ ಬಂದೆ. ಇವತ್ತು ಚಕ್ರ ಬಿಚ್ಚಿ ಬೆರಳು ಆಡಿಸಿದರೆ ಬರೀ ಧೂಳು. ಚರ್ಮದ ಸೀಲು ತಡವಾಗಿ ಹಿಡಿದುಕೊಂಡಿತೋ ಏನೋ.

ಮುದುಕನಿಗೆ ಜ್ವರ ಬಿಟ್ಟಿದೆ. ಗಂಜಿ ಕುಡಿಯುತ್ತಾರೆ. ಇವತ್ತು ನಾನು ಕುಡಿಸಿದೆ, ತೀರ್ಥಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. "ಗಾಡಿ ಹೆಂಗೈತೆ?" ಅಂದರು. ಸೋರುತ್ತಿಲ್ಲ ಅಂದೆ. ಅವರ ಮುಖ ಅರಳಿತು. "ನೋಡ್ದಾ, ಹಾಕ್ತಾ ಇದ್ರೆ ಒಂದಿನ ನಿಲ್ತದೆ ಅಂದಿದ್ದೆ" ಅಂದರು.

೧೭ ಏಪ್ರಿಲ್, ಮಂಗಳವಾರ

ಬರೆಯಲು ಕೂತು ಎರಡು ಸಲ ಎದ್ದೆ. ಸಿಟ್ಟಿಗೋ ಏತಕ್ಕೋ.

ನಿನ್ನೆ ಸೋಮವಾರ. ಮಾವ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ಎರಡು ವಾರ ತಪ್ಪಿದೆ ಎಂದು ಮೂರರಷ್ಟು ಹಾಕಿದರು. ನಾನು ಪಕ್ಕದಲ್ಲೇ ನಿಂತು ಮೊದಲ ಸಲ ಗಮನವಿಟ್ಟು ನೋಡಿದೆ. ಪಂಪು ಒತ್ತಿದರು, ಎಣ್ಣೆ ತೂತಿನ ಅಂಚಿಗೆ ಬಂತು. ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸಲಿಲ್ಲ. ಬೆರಳಿನಿಂದ ಅಂಚು ಅದುಮಿ ಹಿಡಿದು ಇನ್ನೊಂದು ಒತ್ತು, ಮತ್ತೊಂದು ಒತ್ತು, ಆಮೇಲೆ ಚಟಕ್ಕನೆ ಬಿರಡೆ. "ಇದು ಅಳತೆ, ಇದು ಕೊಸರು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಂಗಡಿಯಲ್ಲಿ ಸೇರು ತುಂಬಿ ಸುರಿದ ಮೇಲೆ ಇನ್ನೊಂದು ಹಿಡಿ ಕಾಳು ಹಾಕುವಾಗ ಹೇಳುತ್ತಿದ್ದರಲ್ಲ, ಅದೇ ಮಾತು, ಅದೇ ಧಾಟಿ.

ಇವತ್ತು ಶಿವನಿಗೆ ಹೋಗಿ ಬಂದೆ. ಎರಡೂ ಚಕ್ರ ತೊಯ್ದು ತೊಪ್ಪೆ.

ಅಂಗಳ ಇಳಿಜಾರು, ಗಾಡಿಯ ಹಿಂಭಾಗ ಮೇಲೆ. ಆ ತೂತು ಇರಬೇಕಾದ್ದಕ್ಕಿಂತ ಎತ್ತರದಲ್ಲಿರುತ್ತದೆ. ಅಂಚಿಗೆ ಬಂದಾಗಲೇ ಹೆಚ್ಚಾಗಿರುತ್ತದೆ, ಅದರ ಮೇಲೆ ಕೊಸರು. ಗಾಡಿ ಓಡಿ ಎಣ್ಣೆ ಕಾದರೆ ಎಲ್ಲಿಗೆ ಹೋಗಬೇಕು ಅದು? ಸೀಲು ತಳ್ಳಿಕೊಂಡು ಬ್ರೇಕಿಗೆ ಹೋಗುತ್ತದೆ. ಎರಡು ವರ್ಷ! ಎಷ್ಟು ಸೀಲು, ಎಷ್ಟು ದಿನ, ಉಚ್ಚಂಗಮ್ಮನ ಮುಂದೆ ಎಂಥ ಅವಮಾನ, ಗಿಡ್ಡಪ್ಪನಿಗೆ ಎಂಥ ಮಾತು! ಎಲ್ಲ ನನ್ನ ಕಣ್ಣೆದುರೇ ಸೋಮವಾರ ಸೋಮವಾರ ನಡೆಯುತ್ತಿತ್ತು. ನಾನೊಬ್ಬ ಡ್ರೈವರಂತೆ.

ನಾಳೆ ಬೆಳಿಗ್ಗೆ ಹೇಳಿಬಿಡುತ್ತೇನೆ. ಮುಲಾಜಿಲ್ಲ.

೧೮ ಏಪ್ರಿಲ್, ಬುಧವಾರ

ಹೇಳಲಿಲ್ಲ.

ಹೇಳಲೆಂದೇ ಜಗಲಿಯಲ್ಲಿ ಹೋಗಿ ಕೂತೆ. "ಮಾವ, ಆ ಎಣ್ಣೆ ವಿಚಾರ" ಅಂದೆ. "ಹೂಂ, ಡಬ್ಬ ಖಾಲಿಯಾಗ್ತಾ ಬಂತು, ಇನ್ನೊಂದು ತಗೊಂಬಾ" ಅಂದರು. ಆಮೇಲೆ ತಾವೇ ಶುರು ಮಾಡಿದರು. ಅಂಗಡಿ ಮುಚ್ಚಿದ ದಿನ ಸೇರು, ಪಾವು ಎಲ್ಲ ಎತ್ತಿ ಅಟ್ಟಕ್ಕೆ ಹಾಕುವಾಗ ಕೈ ಬರಲಿಲ್ಲವಂತೆ. "ನಲವತ್ತು ವರ್ಷ ದಿನಾ ಯಾರಿಗಾದ್ರೂ ಒಂದು ಹಿಡಿ ಜಾಸ್ತಿ ಕೊಟ್ಟ ಕೈ ಕಣೋ ಇದು. ಈಗ ಮನೇಲಿ ಅನ್ನ ಇಕ್ಕೋಳು ಅವಳು, ದುಡಿಯೋನು ನೀನು. ನನ್ನ ಕೈಯಿಂದ ಈ ಮನೇಲಿ ಒಂದು ಕಾಳು ಯಾರಿಗೂ ಬೀಳಲ್ಲ. ಆ ಗಾಡಿಗೆ ಒಂದೇ, ಸೋಮವಾರ" ಅಂದರು.

ಪೇಟೆಗೆ ಹೋಗಿ ಎಣ್ಣೆ ತಂದುಕೊಟ್ಟೆ. ನನ್ನಂಥ ಮುಠ್ಠಾಳ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಇನ್ನು ಆರು ದಿನ.

೨೦ ಏಪ್ರಿಲ್, ಶುಕ್ರವಾರ

ತರೀಕೆರೆ. ಗಿಡ್ಡಪ್ಪ ನನ್ನನ್ನು ನೋಡಿ ಒಂದು ಜೀಪಿನ ಕೆಳಗೆ ತೂರಿಕೊಂಡ. ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಅರ್ಧ ಗಂಟೆ ಅವನ ಕಾಲುಗಳ ಜೊತೆ ಮಾತಾಡಿದೆ.

"ಗಿಡ್ಡಪ್ಪ, ತಪ್ಪಾಯ್ತು ಕಣಯ್ಯ. ಸೀಲು ಸರಿಯಾಗೇ ಇತ್ತು. ಎಣ್ಣೆ ಜಾಸ್ತಿ ಹಾಕ್ತಿದ್ರು."

ಜೀಪಿನ ಕೆಳಗಿನಿಂದ ತಲೆ ಈಚೆ ಬಂತು. "ಅವತ್ತು ನಾನು ಕೇಳೋಕೆ ಬಂದಿದ್ದೇ ಅದು! ಬಿರಡೆ ಬಿಚ್ಚಿದ್ರೆ ಮೊಣಕೈ ಮೇಲೆ ಹಾರ್ತು. ಯಾರಣ್ಣ ಹಾಕ್ತಿದ್ದೋರು?"

ಅವತ್ತಿನ ಕಂಡಕ್ಟರ್ ಅಲ್ಲೇ ಬೀಡಿ ಸೇದುತ್ತಾ ನಿಂತಿದ್ದ. ನಮ್ಮ ಅಜ್ಜಂಪುರದ ಬಸ್ಸಿನವನು. ಬಾಯಿಗೆ ಬೀಗವಿಲ್ಲದವನು.

"ನಾನೇ" ಅಂದೆ.

ಗಿಡ್ಡಪ್ಪ ನಗಲು ಶುರು ಮಾಡಿದ. ಕಂಡಕ್ಟರ್ ಅಂತೂ ಹೊಟ್ಟೆ ಹಿಡಿದುಕೊಂಡ. "ಇಪ್ಪತ್ತು ವರ್ಷದ ಡ್ರೈವರ್ರು, ಆಕ್ಸಲ್ಲಿಗೆ ಬಾಣಂತಿ ಆರೈಕೆ ಮಾಡಿದಾರೆ ಕಣ್ರೋ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ನಗಲಿ. ಗಿಡ್ಡಪ್ಪ ಎದ್ದು ಬಂದು ಸಮನೆಲದಲ್ಲಿ ಗಾಡಿ ನಿಲ್ಲಿಸಿ ಬಿರಡೆ ತೆಗೆದ. ಅರ್ಧ ಬೋಗುಣಿ ಎಣ್ಣೆ ತಾನಾಗಿ ಇಳಿದು, ಅಂಚಿಗೆ ಬಂದು ನಿಂತಿತು. ಸೀಲು ಹೊಸದು ಹಾಕಿದ, ಶೂ ಬದಲಾಯಿಸಿದ. ಹೊರಡುವಾಗ ಕೀ ಕೈಗೇ ಕೊಟ್ಟ.

೨೩ ಏಪ್ರಿಲ್, ಸೋಮವಾರ

ನಾಳೆ ಕ್ಯಾಂಪು. ಇವತ್ತೇ ಸೋಮವಾರ ಬರಬೇಕೆ!

ಮಾವ ಕೂತರು, ಹಾಕಿದರು, ಅಳತೆ, ಕೊಸರು. "ನಾಳೆ ದೊಡ್ಡ ದಿನ" ಎಂದು ಕೊಸರಿಗೂ ಕೊಸರು. ನಾನು ಟಾರ್ಚು ಹಿಡಿದುಕೊಂಡು ನಿಂತಿದ್ದೆ.

೨೪ ಏಪ್ರಿಲ್, ಮಂಗಳವಾರ

ಬೆಳಿಗ್ಗೆ ಬೇಗ ಹೊರಟು ರೈಲ್ವೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದೆ. ಊರಿನಲ್ಲಿ ಅಷ್ಟು ಸಮನಾದ ನೆಲ ಇನ್ನೊಂದಿಲ್ಲ. ಕೆಳಗೆ ಹಾಲಿನ ಪುಡಿಯ ಡಬ್ಬವಿಟ್ಟು ಬಿರಡೆ ಬಿಚ್ಚಿದೆ. ಮಾವನ ಕೊಸರು ಸಣ್ಣಗೆ ಇಳಿಯಿತು. ರೈಲಿಗೆ ಬಂದಿದ್ದ ಹೋಟೆಲಿನ ಅಜ್ಜಯ್ಯ ನಿಂತು ನೋಡಿ ಹೋದ. ನಿಂತ ಮೇಲೆ ಬಿರಡೆ ಹಾಕಿ, ಒರೆಸಿ, ಡಬ್ಬವನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿದೆ. ಚೆಲ್ಲಲು ಮನಸ್ಸು ಬರಲಿಲ್ಲ. ಎಣ್ಣೆ ಚೆನ್ನಾಗೇ ಇದೆ.

ಕಡೂರಿನಲ್ಲಿ ಬಿಸಿಲು ಬೆಂಕಿ. ನಮ್ಮ ಮುಂದೆ ಹನ್ನೊಂದು ಗಾಡಿ. ಇನ್ಸ್‌ಪೆಕ್ಟರು ಮೈದಾನದಲ್ಲಿ ಮೂರು ಸಲ ಓಡಿಸಿ ಮೂರು ಸಲ ಬ್ರೇಕ್ ಹಾಕಿಸಿದರು. ಗಾಡಿ ಗೆರೆ ಎಳೆದ ಹಾಗೆ ನಿಂತಿತು. ಇಳಿದು ಬಂದು ಹಿಂದಿನ ಚಕ್ರದ ಒಳಬದಿಗೆ ಬಿಳಿ ಕರ್ಚೀಫು ಒತ್ತಿ ತೆಗೆದರು. ಕೆಂಪು ಧೂಳು ಮಾತ್ರ. "ಈ ವಯಸ್ಸಿನ ಗಾಡಿ ಇಷ್ಟು ಒಣಗಿರೋದು ನಾನು ನೋಡೇ ಇಲ್ಲ. ಯಾರ್ರೀ ನೋಡ್ಕೊಳ್ಳೋದು ಇದನ್ನ?" ಅಂದರು.

"ನಮ್ಮ ಮಾವ, ಸಾರ್" ಅಂದೆ.

ಒಂದು ವರ್ಷಕ್ಕೆ ಆಯಿತು. ಮನೆಗೆ ಬಂದು ಇನ್ಸ್‌ಪೆಕ್ಟರು ಅಂದ ಮಾತು ಹೇಳಿದೆ. ಮಾವ ಮತ್ತೆ ಮತ್ತೆ ಹೇಳಿಸಿದರು. ಗುಜರಿಯವನಿಗೆ ಒಂದು ಕಾರ್ಡು ಬರೆದು ಹಾಕಬೇಕು, ಬರಬೇಡ ಅಂತ.

೨೭ ಏಪ್ರಿಲ್, ಶುಕ್ರವಾರ

ಕಂಡಕ್ಟರ್ ಮಾಡಿದ ಪುಣ್ಯದ ಕೆಲಸ, ಸ್ಟ್ಯಾಂಡಿನಲ್ಲಿ ನನ್ನ ಹೆಸರೇ ಬದಲಾಗಿದೆ. "ಏನ್ ಬಾಣಂತಿಯಣ್ಣ, ಊಟ ಆಯ್ತಾ ಆಕ್ಸಲ್ಲಿಂದು?" ಅನ್ನುತ್ತಾರೆ. ಹೋಟೆಲಿನ ಅಜ್ಜಯ್ಯ ಕೂಡ. ನಗುತ್ತೇನೆ. ಆದರೆ ಮಾವ ದಿನಾ ಬೆಳಿಗ್ಗೆ ಅದೇ ಹೋಟೆಲಿಗೆ ಕಾಫಿಗೆ ಹೋಗುತ್ತಾರೆ. ಅಲ್ಲಿ ಯಾರಾದರೂ ಈ ಕಥೆ ಬಿಚ್ಚಿದರೆ? ಇವತ್ತು ಮಧ್ಯಾಹ್ನ ಊಟಕ್ಕೆ ಕೂತವರು ಮಜ್ಜಿಗೆ ಅನ್ನ ಹಾಗೇ ಬಿಟ್ಟು ಎದ್ದರು. ತೀರ್ಥಮ್ಮ ಸೆಕೆಗೆ ಅಂದಳು. ಸೆಕೆಗೇ ಇರಬಹುದು.

೩೦ ಏಪ್ರಿಲ್, ಸೋಮವಾರ

ಸಂಜೆ ಮಾವ ಬರುವುದೇ ಇಲ್ಲ ಅಂದುಕೊಂಡಿದ್ದೆ. ಸ್ನಾನ ಆಯಿತು, ಪೂಜೆ ಆಯಿತು, ಜಗಲಿಯಲ್ಲಿ ಕೂತೇ ಇದ್ದರು. ನಾನೇ ಗೋಣಿತಾಟು ಹಾಸಿದೆ, ಪಂಪು ತಂದಿಟ್ಟೆ. ಹೊಸ ಎಣ್ಣೆಯ ಡಬ್ಬವನ್ನೂ ತಂದಿಟ್ಟೆ.

ಬಹಳ ಹೊತ್ತಿನ ಮೇಲೆ ಇಳಿದು ಬಂದರು. ಕೂತು, ಹೊಸ ಡಬ್ಬವನ್ನು ಪಕ್ಕಕ್ಕೆ ಸರಿಸಿದರು.

"ಸೀಟಿನ ಕೆಳಗೆ ಒಂದು ಹಾಲಿನ ಪುಡಿ ಡಬ್ಬ ಐತಲ್ಲ, ಅದನ್ನ ತಾ" ಅಂದರು.

ನಾನು ಅಲ್ಲಾಡಲಿಲ್ಲ. "ತಾರೋ" ಅಂದರು. ತಂದೆ. ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿ, ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಪಂಪಿಗೆ ತುಂಬಿದರು. ನನ್ನ ಮುಖ ನೋಡಲಿಲ್ಲ.

"ಊರೆಲ್ಲ ನಿನ್ನ ನೋಡಿ ನಗ್ತಾರಂತೆ. ಎಣ್ಣೆ ಹಾಕ್ತಿದ್ದೋನು ನಾನೇ ಅಂದೆಯಂತೆ."

"ನಗ್ಲಿ ಬಿಡಿ ಮಾವ. ಅವ್ರಿಗೂ ಒಂದು ಕೆಲ್ಸ ಬೇಕಲ್ಲ."

ಬಿರಡೆ ಬಿಚ್ಚಿ ಪಂಪು ಒತ್ತಿದರು. ಎಣ್ಣೆ ಅಂಚಿಗೆ ಬಂತು. ಕೈ ನಿಂತಿತು. ಅವರ ಕೈ ಅಳತೆಯಲ್ಲಿ ನಿಂತದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

"ಸಾಕಾ?" ಅಂದರು.

ನಲವತ್ತು ವರ್ಷ ಆ ಮನುಷ್ಯ ಯಾರಿಗೂ ಸಾಕಾ ಅಂತ ಕೇಳಿದವರಲ್ಲ.

"ಇದು ಅಳತೆ ಆಯ್ತು. ಕೊಸರು ಎಲ್ಲಿ?" ಅಂದೆ.

ಆಗ ಮುಖ ಎತ್ತಿ ನೋಡಿದರು. "ನಾಳೆ ಬೆಳಿಗ್ಗೆ ಸ್ಟೇಷನ್ ಹತ್ರ ತೆಗೀತೀಯಲ್ಲ?"

"ತೆಗೀತೀನಿ."

"ಡಬ್ಬ ಚೆನ್ನಾಗಿ ಒರ್ಸಿಡು, ಧೂಳು ಬಿದ್ದಾತು. ಮುಂದಿನ ಸೋಮವಾರಕ್ಕೆ ಬೇಕು" ಎಂದು, ಬೆರಳಿನಿಂದ ಅಂಚು ಅದುಮಿ ಹಿಡಿದು, ಎರಡು ಒತ್ತು ಹಾಕಿದರು.